ಸೊನ್ನೆ ಹಾಕಿಬಿಟ್ಟರೆ ಮುಗಿಯಿತಾ?

ಪ್ರೋಗ್ರಾಂನಲ್ಲಿ ಇಫ್ (‘ಹೀಗಿದ್ದರೆ ಹೀಗೆ ಮಾಡು’ ಅನ್ನುವ ಷರತ್ತು) ಬರೆಯುವ ಮುಂಚೆ ವೇರಿಯಬಲ್‌ಗೆ, ಅಂದರೆ ಮೌಲ್ಯ ಇಟ್ಟುಕೊಳ್ಳುವ ಹೆಸರಿಗೆ, ಒಂದು ಸೊನ್ನೆ ಹಾಕಿಬಿಡಿ, ‘ಈ ಹೆಸರಿಗೆ ಮೌಲ್ಯವೇ ಕೊಟ್ಟಿಲ್ಲ’ ಅನ್ನುವ ಅನ್‌ಡಿಫೈನ್ಡ್ ಎರರ್ ಬರುವುದಿಲ್ಲ. ಈ ಸಲಹೆ ಎಲ್ಲರ ಬಾಯಲ್ಲೂ ಇದೆ. ನನಗೆ ಮಾತ್ರ ಇದು ಅರ್ಧ ಸಲಹೆ ಅನ್ನಿಸುತ್ತದೆ. ಎರರ್ ಹೋಗುತ್ತದೆ ನಿಜ, ತಪ್ಪು ಹಾಗೇ ಇರುತ್ತದೆ.

ನಮ್ಮ ಚಿಕ್ಕಮಗಳೂರಿನದೇ ಒಂದು ಲೆಕ್ಕ ನೋಡೋಣ. ಕಾಫಿ ಖರೀದಿಗೆ ಪೈಥಾನ್ ಭಾಷೆಯಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಬರೆದಿದ್ದೀರಿ ಅಂದುಕೊಳ್ಳಿ. ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ ಬೀಜ) ಆದರೆ 50 ಕೆಜಿ ಮೂಟೆಗೆ ರೇಟ್ ಇಷ್ಟು, ಅರೇಬಿಕಾ ಚೆರಿ (ಹಣ್ಣನ್ನು ಹಾಗೇ ಒಣಗಿಸಿದ್ದು) ಆದರೆ ಇಷ್ಟು. ಕೆಳಗೆ ರೇಟನ್ನು ಮೂಟೆಯಿಂದ ಗುಣಿಸುವ ಸಾಲು. ಡಿಸೆಂಬರ್‌ನಲ್ಲಿ ಅರೇಬಿಕಾ ಕೊಯ್ಲು, ಎಲ್ಲ ಸರಾಗ. ಫೆಬ್ರವರಿಗೆ ರೋಬಸ್ಟಾ ಚೆರಿ ಬಂತು. ಯಾವ ಇಫ್ ಒಳಗೂ ಹೋಗಲಿಲ್ಲ, ರೇಟ್ ಹುಟ್ಟಲೇ ಇಲ್ಲ, ಪ್ರೋಗ್ರಾಂ ಅಲ್ಲೇ ನಿಂತಿತು. ಆ ಸಾಲಿಗೆ ಬಂದು ಮುಟ್ಟುವವರೆಗೆ ಪೈಥಾನ್ ರೇಟನ್ನು ಹುಡುಕುವುದೇ ಇಲ್ಲ. ಜಾವಾ ಭಾಷೆ ಆಗಿದ್ದರೆ ಕಂಪೈಲ್ ಮಾಡುವಾಗಲೇ, ಅಂದರೆ ಪ್ರೋಗ್ರಾಂ ಓಡುವ ಮುಂಚೆಯೇ, ಬೈದು ಕೂರಿಸುತ್ತಿತ್ತು.

ನಿಂತದ್ದೇ ಒಳ್ಳೆಯದಾಯಿತು ಅಂತೀನಿ. ಸೊನ್ನೆ ಹಾಕಿದ್ದರೆ ಬೆಳೆಗಾರರ ಕೈಗೆ ಸೊನ್ನೆ ರೂಪಾಯಿ ಬಿಲ್! ಪಿಎಚ್‌ಪಿ ಭಾಷೆಯಲ್ಲಂತೂ ಸೊನ್ನೆ ಹಾಕದಿದ್ದರೂ ಇದೇ ಗತಿ. ಇಲ್ಲದ ರೇಟನ್ನು ನಲ್ (ಖಾಲಿ) ಅಂದುಕೊಂಡು ಗುಣಿಸಿ ಮುಂದೆ ಹೋಗುತ್ತದೆ. ಮೊದಲು ಬರೀ ನೋಟಿಸ್ ಕೊಡುತ್ತಿತ್ತು, 2020ರ 8.0 ಆವೃತ್ತಿಯಿಂದ ವಾರ್ನಿಂಗ್ ಕೊಡುತ್ತದೆ. ಕೆಲಸ ಮಾತ್ರ ನಿಲ್ಲಿಸುವುದಿಲ್ಲ.

ಸೊನ್ನೆ ಬಿಲ್ ಆದರೂ ಪರವಾಗಿಲ್ಲ, ಕೌಂಟರ್‌ನಲ್ಲೇ ಗಲಾಟೆ ಆಗಿ ಗೊತ್ತಾಗುತ್ತದೆ. ನನಗೆ ಜಾಸ್ತಿ ಭಯ ಇರುವುದು ಲೂಪ್ ಮೇಲೆ, ಅಂದರೆ ಅದೇ ಸಾಲುಗಳನ್ನು ಮತ್ತೆ ಮತ್ತೆ ಓಡಿಸುವುದರ ಮೇಲೆ. ದಿನದ ಬಿಲ್‌ಗಳನ್ನೆಲ್ಲ ಒಂದೇ ಲೂಪ್‌ನಲ್ಲಿ ಓಡಿಸುತ್ತೀರಿ. ಮೊದಲನೆಯದು ಅರೇಬಿಕಾ ಪಾರ್ಚ್‌ಮೆಂಟ್, ರೇಟ್ ಸಿಕ್ಕಿತು. ಎರಡನೆಯದು ರೋಬಸ್ಟಾ ಚೆರಿ. ಈಗ ರೇಟ್ ಇಲ್ಲ ಅನ್ನುವ ಹಾಗೂ ಇಲ್ಲ, ಹಿಂದಿನವರದ್ದು ಅಲ್ಲೇ ಕೂತಿದೆಯಲ್ಲ! ಚೆರಿಗೆ ಪಾರ್ಚ್‌ಮೆಂಟ್ ದರ ಬಿತ್ತು. ಎರರ್ ಇಲ್ಲ, ವಾರ್ನಿಂಗೂ ಇಲ್ಲ. ಜಾಸ್ತಿ ದುಡ್ಡು ಸಿಕ್ಕವರು ಬಂದು ದೂರು ಕೊಡುತ್ತಾರಾ?

ಒಟ್ಟು ಮೂಟೆ ಎಣಿಸುವ ವೇರಿಯಬಲ್‌ಗೆ ಸೊನ್ನೆ ಹಾಕಿ, ತಕರಾರಿಲ್ಲ. ಎಣಿಸುವ ಮುಂಚೆ ಅದು ನಿಜವಾಗಿಯೂ ಸೊನ್ನೆಯೇ ಅಲ್ವಾ? ರೇಟ್ ಹಾಗಲ್ಲ. ಅಲ್ಲಿ ಕೊನೆಗೊಂದು ಎಲ್ಸ್ (‘ಇವು ಯಾವುದೂ ಅಲ್ಲದಿದ್ದರೆ’) ಬರೆದು, ‘ಈ ಬಗೆಗೆ ರೇಟ್ ಇಲ್ಲ’ ಅಂತ ನೀವೇ ಎರರ್ ಎಬ್ಬಿಸಿ. ಬಂದ ಹೆಸರನ್ನೂ ಕೋಟ್ ಗುರುತಿನೊಳಗೆ ಹಾಕಿ ತೋರಿಸಿ. ಎಷ್ಟೋ ಸಲ ಹೊಸ ಬಗೆಯೇನೂ ಬಂದಿರುವುದಿಲ್ಲ, ಟೈಪ್ ಮಾಡುವಾಗ ಚೆರಿ ಪಕ್ಕ ಸುಮ್ನೆ ಒಂದು ಸ್ಪೇಸ್ ಬಿದ್ದು ಹೆಸರು ಹೊಂದಿರುವುದಿಲ್ಲ, ಕೋಟ್ ಇದ್ದರೆ ಅದು ಕಣ್ಣಿಗೆ ಬೀಳುತ್ತದೆ.