ಸ್ಟೂಡೆಂಟ್ ಕೈಗೆ ನಮ್ಮ ಹಸು ಕೊಡೋದಾ?

ನಮಸ್ಕಾರ. "ಅಲ್ಲಿಗೆ ಹೋಗಬೇಡಿ, ಅಲ್ಲಿ ಸ್ಟೂಡೆಂಟ್ಸ್ ಪ್ರಾಕ್ಟೀಸ್ ಮಾಡುತ್ತಾರೆ." ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ವಿಷಯ ಬಂದಾಗಲೆಲ್ಲ ಯಾರಾದರೂ ಒಬ್ಬರು ಈ ಮಾತು ಹೇಳೇ ಹೇಳುತ್ತಾರೆ. ನಾಯಿ ಸಾಕಿದವರ ವಾಟ್ಸಾಪ್ ಗುಂಪುಗಳಲ್ಲಂತೂ ಹೊಸಬರಿಗೆ ಕೊಡುವ ಮೊದಲ ಬುದ್ಧಿಮಾತೇ ಇದು. ಅದರ ಹಿಂದೆಯೇ ಇನ್ನೊಂದು ಬರುತ್ತದೆ: "ಬೇರೆ ಎಲ್ಲೂ ಆಗದಿದ್ದರೆ ಆಗ ನೋಡಿ."

ಇವತ್ತು ನಾನು ಮಾತಾಡುವುದು ಈ ಎರಡೂ ಮಾತಿನ ವಿರುದ್ಧ. ಹೌದು, ಅಲ್ಲಿ ಹುಡುಗರು ಕಲಿಯುತ್ತಾರೆ. ಕಲಿಯಲಿ. ನಿಮ್ಮ ನಾಯಿ, ನಿಮ್ಮ ಹಸು, ನಮ್ಮ ಮನೆ ಬೆಕ್ಕು, ಎಲ್ಲದರ ಮೇಲೂ ಕಲಿಯಲಿ. ಅದು ಆ ಆಸ್ಪತ್ರೆಯ ದೋಷ ಅಂತ ನಾವು ಅಂದುಕೊಂಡಿದ್ದೇವೆ. ಅದನ್ನು ಕಟ್ಟಿದ್ದೇ ಅದಕ್ಕೆ.

ಮೊದಲು ಜಾಗದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಹೆಬ್ಬಾಳದ ಕಾಲೇಜು ಶುರುವಾದದ್ದು 1958ರಲ್ಲಿ. ಆಗ ಹೆಬ್ಬಾಳ ಅಂದರೆ ಊರಾಚೆ. ನಡುವೆ ಕೃಷಿ ವಿಶ್ವವಿದ್ಯಾಲಯದ ಭಾಗವಾಗಿತ್ತು. 2004ರಲ್ಲಿ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳಿಗೇ ಅಂತ ಬೀದರ್‌ನಲ್ಲಿ ಬೇರೆ ವಿಶ್ವವಿದ್ಯಾಲಯ ಆಯಿತು, ಕಾಲೇಜು ಅದರ ಕೆಳಗೆ ಬಂತು. ಬೀದರ್, ಶಿವಮೊಗ್ಗ, ಹಾಸನ, ಗದಗ, ಈ ಊರುಗಳಲ್ಲೂ ಇದೇ ವಿಶ್ವವಿದ್ಯಾಲಯದ ಕಾಲೇಜುಗಳಿವೆ. ಪಶುವೈದ್ಯರಾಗಲು ಓದುವ ಬಿ.ವಿ.ಎಸ್ಸಿ. ಪದವಿ ಒಟ್ಟು ಐದೂವರೆ ವರ್ಷ. ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ನೀವು ಓಪಿಯಲ್ಲಿ, ಅಂದರೆ ಹೊರರೋಗಿ ವಿಭಾಗದಲ್ಲಿ, ನೋಡುವ ಆ ಬಿಳಿ ಕೋಟಿನ ಹುಡುಗ ಹುಡುಗಿಯರಲ್ಲಿ ಸುಮಾರು ಜನ ಇವರೇ. ನಾಲ್ಕೂವರೆ ವರ್ಷ ಓದಿ ಬಂದವರು. ನಿನ್ನೆ ಮೊನ್ನೆ ಸೇರಿದವರಲ್ಲ.

ಬೆಳಿಗ್ಗೆ ಇಂಥ ಆಸ್ಪತ್ರೆಯ ಓಪಿ ಮುಂದೆ ಒಂದು ಗಂಟೆ ಸುಮ್ನೆ ನಿಂತು ನೋಡಿ. ಹಸ್ಕಿ ನಾಯಿಯನ್ನು ಎಸಿ ಕಾರಿನಿಂದ ಇಳಿಸುವವರ ಹಿಂದೆ, ಆಡಿನ ಮರಿಯನ್ನು ಹೆಗಲ ಮೇಲೆ ಹೊತ್ತುಕೊಂಡವರು. ರಟ್ಟಿನ ಪೆಟ್ಟಿಗೆಯಲ್ಲಿ ಬೀದಿ ನಾಯಿಮರಿ ತಂದ ಕಾಲೇಜು ಹುಡುಗರು. ಟಾಟಾ ಏಸ್‌ನಲ್ಲಿ ಹುಲ್ಲು ಹಾಸಿ ಮಲಗಿಸಿದ ಹಸು. ಎಲ್ಲರ ಕೈಯಲ್ಲೂ ಅದೇ ಓಪಿ ಚೀಟಿ. ಹಸು ತಂದವರು ಹಸ್ಕಿಯವರನ್ನು, "ಏನ್ ಸಾರ್, ಇದಕ್ಕೆ ತಿಂಗಳಿಗೆ ಎಷ್ಟು ಖರ್ಚು?" ಅಂತ ಕೇಳುತ್ತಾರೆ. ಉತ್ತರ ಕೇಳಿ ತಮ್ಮ ಹಸುವಿನ ಕಡೆ ತಿರುಗಿ ನೋಡುತ್ತಾರೆ. ಈ ಬೆಂಗಳೂರಿನಲ್ಲಿ ಈ ಇಬ್ಬರು ಒಂದೇ ಬೆಂಚಿನ ಮೇಲೆ ಕೂರುವ ಇನ್ನೊಂದು ಜಾಗ ಇದ್ದರೆ ನನಗೂ ಹೇಳಿ.

ಈಗ ಆ ಹಸುವಿನ ವಿಷಯಕ್ಕೆ ಬರೋಣ. ಬೆನ್ನು ಬಿಲ್ಲಿನಂತೆ ಬಾಗಿದೆ. ಮುಂಗಾಲಿನ ಮೊಣಕೈ ಹೊರಕ್ಕೆ ಚಾಚಿದೆ. ಇಳಿಜಾರಿನಲ್ಲಿ ನಡೆಸಿದರೆ ನರಳುತ್ತದೆ. ಮೆಲುಕು ಹಾಕುವುದು ನಿಂತಿದೆ. ಇಷ್ಟು ಕಂಡರೆ ಅನುಭವ ಇದ್ದವರು ತಂತಿ ಅಥವಾ ಮೊಳೆ ನುಂಗಿದೆಯಾ ಅಂತ ಅನುಮಾನ ಪಡುತ್ತಾರೆ. ಹಸು ಹುಲ್ಲನ್ನು ಸರಸರ ನುಂಗಿ ಆಮೇಲೆ ಮೆಲುಕು ಹಾಕುವ ಪ್ರಾಣಿ. ಬಾಯಲ್ಲಿ ಆರಿಸುವ ಅಭ್ಯಾಸ ಅದಕ್ಕಿಲ್ಲ. ನುಂಗಿದ ತಂತಿ ಹೊಟ್ಟೆಯ ಎರಡನೇ ಚೀಲದಲ್ಲಿ ಹೋಗಿ ಕೂರುತ್ತದೆ. ಆ ಚೀಲಕ್ಕೂ ಹೃದಯಕ್ಕೂ ನಡುವೆ ಇರುವುದು ಒಂದು ತೆಳುವಾದ ಪರದೆ. ಹಸು ಉಸಿರಾಡಿದಂತೆಲ್ಲ ತಂತಿ ಮುಂದಕ್ಕೆ ಹೋಗುತ್ತದೆ.

ಬೇಗ ಬಂದಿದ್ದರೆ ಆಪರೇಷನ್ ಮಾಡುತ್ತಾರೆ. ಹಸು ನಿಂತೇ ಇರುತ್ತದೆ, ಎಡಪಕ್ಕೆಗೆ ಮರಗಟ್ಟುವ ಇಂಜೆಕ್ಷನ್. ಕೂದಲು ಬೋಳಿಸಿ, ಚರ್ಮ ಕೊಯ್ದು, ಹೊಟ್ಟೆಯ ದೊಡ್ಡ ಚೀಲವನ್ನು ಹೊರಗೆಳೆದು ಗಾಯದ ಅಂಚಿಗೆ ಭದ್ರ ಮಾಡುತ್ತಾರೆ. ಒಳಗಿನ ಗಂಜಿ ಒಂದು ತೊಟ್ಟೂ ಹೊಟ್ಟೆಯೊಳಗೆ ಸೋರಬಾರದು, ಸೋರಿದರೆ ಕೀವು. ಆಮೇಲೆ ಚೀಲ ಕೊಯ್ದು ಕೈ ಒಳಗೆ ಹಾಕುತ್ತಾರೆ. ಬರುವುದು ಏನು ಗೊತ್ತಾ? ತಂತಿಗಿಂತ ಮುಂಚೆ ಪ್ಲಾಸ್ಟಿಕ್. ಮುದ್ದೆ ಮುದ್ದೆಯಾಗಿ, ಹಗ್ಗದಂತೆ ಹೊಸೆದುಕೊಂಡು, ಹುಳಿ ವಾಸನೆಯ ಜೊತೆ ಬರುತ್ತದೆ. ನಾವು ಸಾರು, ಪಲ್ಯ ಕಟ್ಟಿ ಬೀದಿಗೆ ಎಸೆದ ಕವರ್‌ಗಳೇ.

ಈ ಆಪರೇಷನ್‌ನಲ್ಲಿ ಒಬ್ಬ ಇಂಟರ್ನ್ ಚೀಲದ ಅಂಚು ಹಿಡಿದು ನಿಂತಿರುತ್ತಾನೆ. ಇನ್ನೊಬ್ಬಳು ಹಸುವಿನ ತಲೆ ಹತ್ತಿರ. ಪಿಜಿ ಹುಡುಗ, ಅಂದರೆ ಪದವಿ ಮುಗಿಸಿ ಮುಂದಕ್ಕೆ ಓದುತ್ತಿರುವವನು, ಕೊಯ್ಯುತ್ತಾನೆ, ಪ್ರೊಫೆಸರ್ ಭುಜದ ಮೇಲಿಂದ ಬಗ್ಗಿ, "ಅಲ್ಲೇ ನಿಲ್ಲಿಸು, ಮೊದಲು ಹೊಲಿಗೆ ನೋಡು" ಅನ್ನುತ್ತಾರೆ. ಹೊತ್ತು ಹಿಡಿಯುತ್ತದೆ. ಖಾಸಗಿ ಕ್ಲಿನಿಕ್‌ನಲ್ಲಿ ಒಬ್ಬರೇ ಡಾಕ್ಟರ್ ಬೇಗ ಮುಗಿಸಬಹುದು, ಒಪ್ಪುತ್ತೇನೆ. ಆದರೆ ಆ ಡಾಕ್ಟರ್ ಎಲ್ಲಿ ಕಲಿತರು? ಅವರೂ ಒಂದು ಕಾಲದಲ್ಲಿ ಚೀಲದ ಅಂಚು ಹಿಡಿದು ಕೈ ಜೋಮು ಹಿಡಿಸಿಕೊಂಡವರೇ. ವಿಕ್ಟೋರಿಯಾ, ವಾಣಿವಿಲಾಸ ಆಸ್ಪತ್ರೆಗಳಲ್ಲಿ ಕಲಿತು ಬಂದ ಡಾಕ್ಟರ್ ಹತ್ತಿರ ಅಪಾಯಿಂಟ್‌ಮೆಂಟ್ ತಗೊಂಡು ಹೆಮ್ಮೆಯಿಂದ ಹೋಗುತ್ತೇವೆ, ಅಲ್ವಾ? ಪಶುವೈದ್ಯರ ವಿಷಯದಲ್ಲಿ ಮಾತ್ರ ಅವರು ತಾಯಿ ಹೊಟ್ಟೆಯಲ್ಲೇ ಕಲಿತು ಬರಬೇಕು ಅಂತ ನಮ್ಮ ಆಸೆ.

ಪುಸ್ತಕದಿಂದ ಬಾರದ ಕೆಲಸಗಳು ಈ ವೃತ್ತಿಯಲ್ಲಿ ಜಾಸ್ತಿ. ಹಸು ಗಬ್ಬವಾಗಿದೆಯಾ ಅಂತ ನೋಡುವುದನ್ನೇ ತಗೊಳ್ಳಿ. ಭುಜದವರೆಗೆ ಗ್ಲೌಸ್ ಹಾಕಿ, ಹಿಂದಿನಿಂದ ಕೈ ಒಳಗೆ ಬಿಟ್ಟು, ಸಗಣಿ ತೆಗೆದು, ಕರುಳಿನ ಗೋಡೆಯ ಆಚೆ ಇರುವ ಗರ್ಭಕೋಶವನ್ನು ಬೆರಳ ತುದಿಯಲ್ಲಿ ಹುಡುಕಬೇಕು. ಕಣ್ಣಿಗೆ ಏನೂ ಕಾಣುವುದಿಲ್ಲ. ಹಸು ಮುಕ್ಕರಿದರೆ ಕೈ ಹಿಂಡಿದಂತಾಗುತ್ತದೆ. ಒಂದೂವರೆ ಎರಡು ತಿಂಗಳ ಗಬ್ಬವನ್ನು ಬರೀ ಬೆರಳಲ್ಲಿ ಹೇಳುವ ಡಾಕ್ಟರ್ ನಿಮ್ಮ ತಾಲ್ಲೂಕಿನಲ್ಲಿದ್ದರೆ ಅವರ ಕೈ ಅದೆಷ್ಟು ಹಸು ನೋಡಿದೆ ಅಂತ ಒಮ್ಮೆ ಕೇಳಿ. ಅದು ತಪ್ಪಿದರೆ ನಷ್ಟ ರೈತನಿಗೇ. ಖಾಲಿ ಹಸುವನ್ನು ಗಬ್ಬ ಅಂತ ತಿಳಿದು ತಿಂಗಳುಗಟ್ಟಲೆ ಹಿಂಡಿ, ಬೂಸಾ ಹಾಕುತ್ತಾನೆ. ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಕೆಎಂಎಫ್‌ನ ಹಾಲು ಸಂಗ್ರಹ 2024ರಲ್ಲಿ ದಿನಕ್ಕೆ 1 ಕೋಟಿ ಲೀಟರ್ ದಾಟಿದಾಗ ಎಲ್ಲರೂ ಖುಷಿಪಟ್ಟೆವು. ಆ ಹಾಲಿನ ಹಿಂದೆ ಇಂಥ ಬೆರಳುಗಳೂ ಇವೆ.

ಇನ್ನೊಂದು, ಹಾಲುಜ್ವರ. ಜಾಸ್ತಿ ಹಾಲು ಕೊಡುವ ಹಸು, ಕರು ಹಾಕಿ ಒಂದೆರಡು ದಿನ. ಬಿದ್ದುಬಿಡುತ್ತದೆ. ಕತ್ತು ಪಕ್ಕೆಗೆ ತಿರುಗಿಸಿಕೊಂಡು ಮಲಗುತ್ತದೆ, ಕಿವಿ ತಣ್ಣಗೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರುತ್ತದೆ. ಒಂದು ಬಾಟಲಿ ಕ್ಯಾಲ್ಸಿಯಂ ರಕ್ತನಾಳಕ್ಕೆ ಹಾಕಿದರೆ ಎಷ್ಟೋ ಹಸುಗಳು ಅಲ್ಲೇ ನಡುಗಿ, ಸಗಣಿ ಹಾಕಿ, ಎದ್ದು ನಿಲ್ಲುತ್ತವೆ. ನೋಡಿದವರಿಗೆ ಪವಾಡ. ಆದರೆ ಅದೇ ಬಾಟಲಿಯನ್ನು ಬೇಗ ಬೇಗ ಹರಿಸಿದರೆ ಹೃದಯ ನಿಂತುಹೋಗುತ್ತದೆ. ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಎದೆಗೆ ಸ್ಟೆತೊಸ್ಕೋಪ್. ಬಡಿತ ತಪ್ಪಿತು ಅನ್ನಿಸಿದ ಕೂಡಲೇ ಬಾಟಲಿ ತಗ್ಗಿಸಬೇಕು. ಇದನ್ನು ಮೇಷ್ಟ್ರು ಪಕ್ಕದಲ್ಲಿ ಇರುವಾಗ ಮೊದಲ ಸಲ ಮಾಡುವುದು ಒಳ್ಳೆಯದಾ, ರಾತ್ರಿ ಎರಡು ಗಂಟೆಗೆ ಯಾವುದೋ ಹಳ್ಳಿಯ ಕೊಟ್ಟಿಗೆಯಲ್ಲಿ ಟಾರ್ಚ್ ಬೆಳಕಿನಲ್ಲಿ ಒಬ್ಬನೇ ಮೊದಲ ಸಲ ಮಾಡುವುದು ಒಳ್ಳೆಯದಾ? ನೀವೇ ಹೇಳಿ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಈಗ ಈ ಕಾಲೇಜುಗಳಲ್ಲಿ ಹುಡುಗಿಯರು ಬಹಳ ಜನ. ಹಸು ತಂದ ಅಜ್ಜ, "ಬಿಡವ್ವ, ನಿನ್ನ ಕೈಲಿ ಆಗಲ್ಲ, ಗಂಡು ಡಾಕ್ಟ್ರನ್ನ ಕರಿ" ಅನ್ನುವುದು ಇನ್ನೂ ನಿಂತಿಲ್ಲ. ಅದೇ ಅಜ್ಜನ ಕುರಿ ಮರಿ ಹಾಕಲಾಗದೆ ಒದ್ದಾಡುತ್ತಿರಲಿ. ಮರಿಯ ಕಾಲು ಹಿಂದಕ್ಕೆ ಮಡಚಿಕೊಂಡಿದೆ, ಒಳಗೆ ಜಾಗವೇ ಇಲ್ಲ. ಅಲ್ಲಿ ದಪ್ಪ ಕೈ ಹೋಗುವುದಿಲ್ಲ. ಸಣ್ಣ ಕೈಯವರನ್ನೇ ಹುಡುಕಿ ಕರೆಯುತ್ತಾರೆ. ಈ ರಾಜ್ಯದಲ್ಲಿ ಕುರಿಗಳ ಸಂಖ್ಯೆ 1 ಕೋಟಿಗೂ ಜಾಸ್ತಿ ಅಂತ 2019ರ ಜಾನುವಾರು ಗಣತಿ ಹೇಳುತ್ತದೆ. ಆ ಅವ್ವಂದಿರಿಗೆ ಕೆಲಸ ಬೇಕಾದಷ್ಟಿದೆ.

ಹಾಗಂತ ನಾನು ಆಸ್ಪತ್ರೆಗಳಿಗೆ ಹಾರ ಹಾಕಲು ಬಂದಿಲ್ಲ. ನನಗೂ ಎರಡು ತಕರಾರಿವೆ.

ಒಂದು, ಹೇಳಿ ಮಾಡಬೇಕು. ನಿಮ್ಮ ಪ್ರಾಣಿಯನ್ನು ಯಾರು ಮುಟ್ಟುತ್ತಾರೆ, ಹೊಣೆ ಯಾರದ್ದು, ದೊಡ್ಡ ಡಾಕ್ಟರ್ ಪಕ್ಕದಲ್ಲೇ ಇರುತ್ತಾರಾ, ಇದನ್ನೆಲ್ಲ ಕೇಳುವ ಹಕ್ಕು ನಿಮಗಿದೆ. ನಾಯಿ ಆಪರೇಷನ್ ಥಿಯೇಟರ್ ಒಳಗೆ ಹೋದಮೇಲೆ ಹೊರಗೆ ಕೂತವರಿಗೆ ಮೂರು ಗಂಟೆ ಯಾರೂ ಒಂದು ಮಾತು ಹೇಳದಿದ್ದರೆ ಅನುಮಾನ ಬರದೆ ಇನ್ನೇನು ಬರುತ್ತದೆ? ಆ "ಪ್ರಾಕ್ಟೀಸ್ ಮಾಡುತ್ತಾರೆ" ಅನ್ನುವ ಮಾತು ಹುಟ್ಟುವುದು ಇಂಥ ಮೌನದಲ್ಲೇ. ಒಬ್ಬ ಇಂಟರ್ನ್‌ಗೆ ಇದೇ ಕೆಲಸ ಕೊಡಬಹುದು: ಹೊರಗೆ ಬಂದು ಮಾತಾಡುವುದು. ಅದನ್ನೂ ಕಲಿಯಬೇಕಲ್ಲ.

ಎರಡನೆಯದು ಇದಕ್ಕಿಂತ ದೊಡ್ಡದು. ಹೆಬ್ಬಾಳ ಈಗ ಊರಾಚೆ ಇಲ್ಲ. ಮುಂದೆ ಫ್ಲೈಓವರ್, ಏರ್‌ಪೋರ್ಟ್ ರಸ್ತೆ. ಊರು ಬೆಳೆದಷ್ಟೂ ದನಗಳು ದೂರ ಹೋದವು, ನಾಯಿ ಬೆಕ್ಕುಗಳು ಹತ್ತಿರ ಬಂದವು. ಆದರೆ ಅಲ್ಲಿ ಓದಿದ ಹುಡುಗನಿಗೆ ಸರ್ಕಾರಿ ಕೆಲಸ ಸಿಕ್ಕಿದರೆ ಪೋಸ್ಟಿಂಗ್ ಆಗುವುದು ಎಲ್ಲಿಗೆ? ಪಾವಗಡಕ್ಕೋ ಸಿರುಗುಪ್ಪಕ್ಕೋ. ಅಲ್ಲಿ ಅವನ ಮುಂದೆ ನಿಲ್ಲುವುದು ಎಮ್ಮೆ, ಹಸ್ಕಿಯಲ್ಲ. ಹಸು ಆಸ್ಪತ್ರೆಗೆ ಬರುವುದು ಕಡಿಮೆಯಾದರೆ ಆಸ್ಪತ್ರೆಯೇ ಹಸುವಿನ ಹತ್ತಿರ ಹೋಗಬೇಕು. ಗಾಡಿಯಲ್ಲಿ ಹಳ್ಳಿಗೆ ಹೋಗಿ ಕ್ಯಾಂಪ್ ಮಾಡುವುದು ಪಠ್ಯದ ಒಂದು ಮೂಲೆಯ ವಿಷಯ ಆಗಿರಬಾರದು, ವಾರದ ಅರ್ಧ ಅದಕ್ಕೇ ಹೋಗಬೇಕು ಅಂತ ನನ್ನ ಅಭಿಪ್ರಾಯ. 1962 ನಂಬರಿಗೆ ಫೋನ್ ಮಾಡಿದರೆ ಮನೆ ಬಾಗಿಲಿಗೆ ಬರುವ ಪಶು ಸಂಜೀವಿನಿ ಗಾಡಿಗಳಿವೆ. ಅವುಗಳಲ್ಲಿ ಒಬ್ಬೊಬ್ಬ ಇಂಟರ್ನ್ ಕೂರಲಿ, ಡೀಸೆಲ್ ಖರ್ಚೇನೂ ಜಾಸ್ತಿ ಆಗುವುದಿಲ್ಲ. ಅವರ ಸ್ಟೈಪೆಂಡ್ ಮಾತ್ರ ಸರಿಯಾಗಿ ಕೊಡಿ. ಅದಕ್ಕಾಗಿ ಪಶುವೈದ್ಯಕೀಯ ವಿದ್ಯಾರ್ಥಿಗಳು ಮುಷ್ಕರ ಕೂರುವುದು ಎಷ್ಟು ರಾಜ್ಯಗಳಲ್ಲಿ, ಎಷ್ಟು ಸಲ?

ಕಲಿಸುವ ಆಸ್ಪತ್ರೆಯಿಂದ ಊರಿಗೆ ಏನು ಲಾಭ ಅಂತ ಕೇಳುವವರಿಗೆ ರೇಬಿಸ್ ಕಥೆ ಹೇಳುತ್ತೇನೆ. ಹಸು ಜೊಲ್ಲು ಸುರಿಸುತ್ತಿದೆ, ಮೇವು ನುಂಗಲಾಗುತ್ತಿಲ್ಲ. ರೈತ, "ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ" ಅಂತ ಬಾಯಿಗೆ ಕೈ ಹಾಕಿ ಹುಡುಕುತ್ತಾನೆ. ಮನೆಯವರೂ ಹುಡುಕುತ್ತಾರೆ. ಗಂಟಲಲ್ಲಿ ಏನೂ ಇರುವುದಿಲ್ಲ. ಎಂದೋ ಒಂದು ಹುಚ್ಚುನಾಯಿ ಕಚ್ಚಿರುತ್ತದೆ. ಕಾಲೇಜಿನಲ್ಲಿ ಇಂಥ ಒಂದು ಕೇಸ್ ಕಂಡ ಹುಡುಗಿ ಮುಂದೆ ಯಾವ ಊರಿಗೆ ಹೋದರೂ ಜೊಲ್ಲು ಸುರಿಸುವ ಹಸುವಿನ ಬಾಯಿಗೆ ಬರಿಗೈ ಹಾಕುವುದಿಲ್ಲ. ಮೊದಲು, "ನಾಯಿ ಏನಾದ್ರೂ ಕಚ್ಚಿತ್ತಾ ಯಜಮಾನ್ರೇ?" ಅಂತ ಕೇಳುತ್ತಾಳೆ. ಕೈ ಹಾಕಿದವರನ್ನೆಲ್ಲ ಸಾಲಾಗಿ ಲಸಿಕೆಗೆ ಕಳಿಸುತ್ತಾಳೆ. ಲಕ್ಷಣ ಶುರುವಾದಮೇಲೆ ರೇಬಿಸ್‌ಗೆ ಔಷಧಿ ಇಲ್ಲ, ಆ ಒಂದು ಪ್ರಶ್ನೆಯಿಂದ ಒಂದು ಇಡೀ ಮನೆ ಉಳಿಯಬಹುದು. ಹೆಬ್ಬಾಳದ ಕಾಲೇಜಿನಲ್ಲಿ ರೇಬಿಸ್ ಪತ್ತೆಗೇ ಅಂತ ಒಂದು ಲ್ಯಾಬ್ ಕೂಡ ಇದೆ. ಖಾಸಗಿ ಕ್ಲಿನಿಕ್‌ಗೆ ಇದನ್ನೆಲ್ಲ ಇಟ್ಟುಕೊಳ್ಳುವ ದರ್ದು ಇಲ್ಲ, ಇರಬೇಕು ಅಂತ ಕೇಳುವುದೂ ತಪ್ಪು.

ಸತ್ತ ಪ್ರಾಣಿಯ ಪೋಸ್ಟ್‌ಮಾರ್ಟಂ ಕೂಡ ಹಾಗೇ, ಅದರಿಂದಲೂ ಹುಡುಗರು ಕಲಿಯುತ್ತಾರೆ. ವಿಮೆ ಇರುವ ಹಸು ಸತ್ತರೆ ಕಿವಿಯೋಲೆ (ಕಿವಿಗೆ ಹಾಕಿದ ಗುರುತಿನ ಬಿಲ್ಲೆ), ಡಾಕ್ಟರ್ ಸರ್ಟಿಫಿಕೇಟ್ ಬೇಕು ಅಂತ ರೈತರು ಪೋಸ್ಟ್‌ಮಾರ್ಟಂಗೆ ಒಪ್ಪುತ್ತಾರೆ. ಮನೆ ನಾಯಿ ಸತ್ತರೆ ನಾವು ಒಪ್ಪುವುದಿಲ್ಲ, ಸಂಕಟ ಆಗುತ್ತದೆ. ಆಗಲಿ, ಬಲವಂತ ಮಾಡಬಾರದು. ಆದರೂ ಯಾರಾದರೂ ಮೆಲ್ಲಗೆ ಕೇಳಿದರೆ ಒಂದು ಸಲ ಯೋಚಿಸಿ.

ಹೋಗುವವರಿಗೆ ನನ್ನ ಕಡೆಯಿಂದ ನಾಲ್ಕು ಮಾತು. ಕೊನೆಗೆ ಹೋಗಬೇಡಿ. ಮೂರು ಕಡೆ ತೋರಿಸಿ, ಯಾವ್ಯಾವುದೋ ಇಂಜೆಕ್ಷನ್ ಹಾಕಿಸಿ, ಉಸಿರು ಕಟ್ಟುವ ಹೊತ್ತಿಗೆ ಅಲ್ಲಿಗೆ ಒಯ್ದರೆ ಸಾವು ಆ ಇಂಟರ್ನ್ ಹುಡುಗನ ತಲೆಗೆ ಕಟ್ಟಿಕೊಳ್ಳುತ್ತದೆ. ಬೆಳಿಗ್ಗೆ ಬೇಗ ಹೋಗಿ. ಹಳೆಯ ಚೀಟಿ, ಲಸಿಕೆ ಕಾರ್ಡು, ಕೊಟ್ಟ ಮಾತ್ರೆಯ ಖಾಲಿ ಪಟ್ಟಿ, ಏನಿದೆಯೋ ಎಲ್ಲ ತಗೊಂಡು ಹೋಗಿ. ಒಬ್ಬ ಹುಡುಗ ಬಂದು ಏನು ತಿಂತು, ಯಾವಾಗ ವಾಂತಿ, ಯಾವ ಬಣ್ಣ ಅಂತ ಕೇಳುತ್ತಾನೆ. ಐದು ನಿಮಿಷಕ್ಕೆ ಇನ್ನೊಬ್ಬರು ಬಂದು ಅದನ್ನೇ ಕೇಳುತ್ತಾರೆ. ಸಿಟ್ಟಾಗಬೇಡಿ, ಎರಡನೇ ಸಲ ಹೇಳುವಾಗಲೇ ನಿಮಗೆ ಮರೆತಿದ್ದು ಏನೋ ನೆನಪಾಗುತ್ತದೆ.

ಇನ್ನೊಂದು ವಿಷಯ. ಉಣ್ಣೆ ಹುಳ ಕಚ್ಚಿ ಬರುವ ಜ್ವರದಲ್ಲಿ ನಾಯಿಗೆ ರಕ್ತ ತೀರಾ ಕಡಿಮೆಯಾಗುತ್ತದೆ, ಒಸಡು ಬಿಳುಚಿಕೊಳ್ಳುತ್ತದೆ. ಆಗ ಬೇಕಾಗುವುದು ಇನ್ನೊಂದು ನಾಯಿಯ ರಕ್ತ. ನಿಮ್ಮ ಮನೆಯಲ್ಲಿ 25 ಕಿಲೋಗಿಂತ ಜಾಸ್ತಿ ತೂಗುವ, ಲಸಿಕೆ ಎಲ್ಲ ಆಗಿರುವ, ಸಮಾಧಾನದ ಲ್ಯಾಬ್ರಡಾರ್ ಇದ್ದರೆ ಮುಂದಿನ ಸಲ ಲಸಿಕೆಗೆ ಹೋದಾಗ ಡಾಕ್ಟರ್ ಹತ್ತಿರ ರಕ್ತದಾನದ ಬಗ್ಗೆ ಕೇಳಿ, ಫೋನ್ ನಂಬರ್ ಕೊಟ್ಟು ಬನ್ನಿ. ಸೂಜಿ ಚುಚ್ಚುವುದು ಬಹುಶಃ ಒಬ್ಬ ಪಿಜಿ ಸ್ಟೂಡೆಂಟೇ. ಚುಚ್ಚಲಿ ಬಿಡಿ.