ಧರ್ಮಾಧ್ಯಕ್ಷರ ಮಾತು, ಎಲ್ಲರ ಕಾನೂನು: ಸಲಿಂಗ ವಿವಾಹ ಕುರಿತ ಕ್ರೈಸ್ತ ಭಿನ್ನಮತ

ಮಾನ್ಯ ಅಧ್ಯಕ್ಷರೇ, ಹಿರಿಯರೇ, ಸ್ನೇಹಿತರೇ,

ಸಲಿಂಗ ವಿವಾಹ ಸರಿಯೋ ತಪ್ಪೋ ಎಂದು ಈ ಸಂಜೆ ತೀರ್ಮಾನಿಸುವ ಉದ್ದೇಶ ನನಗಿಲ್ಲ. ನಾನು ಎತ್ತಿಕೊಂಡಿರುವ ಪ್ರಶ್ನೆ ಅದಕ್ಕಿಂತ ಚಿಕ್ಕದು, ಆದರೆ ಕ್ರೈಸ್ತರ ನಡುವೆ ಅದಕ್ಕಿಂತ ಹೆಚ್ಚು ಮನಸ್ತಾಪ ತಂದಿರುವಂಥದ್ದು. ಒಂದು ದೇಶ ತನ್ನ ವಿವಾಹ ಕಾನೂನನ್ನು ತಿದ್ದಲು ಹೊರಟಾಗ ಧರ್ಮಾಧ್ಯಕ್ಷರು, ಅಂದರೆ ಬಿಷಪರು, ಬಹಿರಂಗವಾಗಿ ಆಡುವ ಮಾತಿಗೆ ಯಾವ ಅಧಿಕಾರವಿದೆ, ಮತ್ತು ಆ ಮಾತು ಯಾರಿಗೆ ಅನ್ವಯಿಸುತ್ತದೆ?

ಮೈಸೂರಿನಲ್ಲಿ ಕುಳಿತು ಇದನ್ನು ಕೇಳುವುದಕ್ಕೆ ಕಾರಣವಿದೆ. ಈ ಊರಿನ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಹಲವೂ 1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟ್ ಮಿಷನ್ನಿನ ಬಳುವಳಿ. ಆ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ (ಸಿ.ಎಸ್.ಐ.) ಸೇರಿದವು. ಬ್ರಿಟನ್ನಿನಲ್ಲಿ ಉಳಿದ ಮೆಥಡಿಸ್ಟರು 2021ರ ಜೂನ್ ತಿಂಗಳಲ್ಲಿ ತಮ್ಮ ದೇವಾಲಯಗಳಲ್ಲಿ ಸಲಿಂಗ ವಿವಾಹ ನಡೆಸಲು ಅನುಮತಿ ಕೊಟ್ಟರು; ಮನಸ್ಸಾಕ್ಷಿ ಒಪ್ಪದ ಸಭಾಪಾಲಕರು ಹಿಂದೆ ಸರಿಯಬಹುದೆಂಬ ಅವಕಾಶವನ್ನೂ ಇಟ್ಟರು. ದಕ್ಷಿಣ ಭಾರತ ಸಭೆ ಹಾಗೆ ಮಾಡಿಲ್ಲ. ಒಂದೇ ಬೇರಿನ ಎರಡು ಕೊಂಬೆಗಳು ಹೀಗೆ ಬೇರೆ ಬೇರೆ ದಿಕ್ಕಿಗೆ ಚಾಚಿರುವಾಗ, ಯಾರೋ ಒಬ್ಬರು ನಿಂತು "ಕ್ರೈಸ್ತರ ನಿಲುವು ಇದು" ಎಂದರೆ ಯಾವ ಕ್ರೈಸ್ತರದು ಎಂದು ಕೇಳದೆ ವಿಧಿಯಿಲ್ಲ.

ಈ ವಿಷಯದಲ್ಲಿ ಕಥೋಲಿಕ ಧರ್ಮಸಭೆಯ ಅಧಿಕೃತ ಮಾತು ಸ್ಪಷ್ಟವಾಗಿಯೇ ಇದೆ. ಮುಂದೆ ಪೋಪ್ ಹದಿನಾರನೆಯ ಬೆನೆಡಿಕ್ಟ್ ಆದ ಕಾರ್ಡಿನಲ್ ರಾಟ್ಸಿಂಗರ್ ಸಹಿ ಹಾಕಿ 2003ರಲ್ಲಿ ಹೊರಬಂದ ದಾಖಲೆ, ಇಂಥ ಮಸೂದೆಯ ವಿರುದ್ಧ ಮತ ಹಾಕುವುದು ಕಥೋಲಿಕ ಶಾಸಕರ ನೈತಿಕ ಕರ್ತವ್ಯವೆಂದು ಹೇಳಿತು. ಅದೇ ವರ್ಷ ಕೆನಡಾದ ಕ್ಯಾಲ್ಗರಿಯ ಧರ್ಮಾಧ್ಯಕ್ಷರು, ಪ್ರಧಾನಿ ಜಾನ್ ಕ್ರೆಟಿಯೆನ್ ತಮ್ಮ ಆತ್ಮದ ಮುಕ್ತಿಯನ್ನೇ ಅಪಾಯಕ್ಕೆ ಒಡ್ಡುತ್ತಿದ್ದಾರೆಂದು ಎಚ್ಚರಿಸಿದರು. 2005ರಲ್ಲಿ ಕೆನಡಾದ ಕಾನೂನು ಅಂಗೀಕಾರವಾದಾಗ ಪ್ರಧಾನಿಯಾಗಿದ್ದ ಪಾಲ್ ಮಾರ್ಟಿನ್ ಕೂಡ ಕಥೋಲಿಕರೇ. ದೇವಾಲಯದಲ್ಲಿ ತಾವು ನಂಬುವುದು ಒಂದು, ನಾಗರಿಕರೆಲ್ಲರ ಹಕ್ಕನ್ನು ಕಾಯುವುದು ಇನ್ನೊಂದು ಎಂಬ ನೆಲೆಯಲ್ಲಿ ಅವರು ನಡೆದುಕೊಂಡರು.

ಐರ್ಲೆಂಡಿನ ಉದಾಹರಣೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 2015ರ ಮೇ 22ರಂದು ಅಲ್ಲಿ ಜನಮತಗಣನೆ ನಡೆಯಿತು. ಶೇಕಡಾ 62ರಷ್ಟು ಮತದಾರರು ಸಲಿಂಗ ವಿವಾಹವನ್ನು ಒಪ್ಪಿದರು. ತಲೆಮಾರುಗಳಿಂದ ಕಥೋಲಿಕ ನಂಬಿಕೆಯಲ್ಲಿ ಬೆಳೆದ ದೇಶ ಅದು. ಧರ್ಮಾಧ್ಯಕ್ಷರು ಬೇಡವೆಂದು ಪತ್ರ ಬರೆದರೂ, ಧರ್ಮಸಭೆಯ ಕಾನೂನನ್ನು ಶಾಸ್ತ್ರೋಕ್ತವಾಗಿ ಓದಿದ್ದ ಮಾಜಿ ರಾಷ್ಟ್ರಾಧ್ಯಕ್ಷೆ ಮೇರಿ ಮ್ಯಾಕಲೀಸ್ ಬೇಕೆಂದು ಪ್ರಚಾರ ಮಾಡಿದರು. ಡಬ್ಲಿನ್ನಿನ ಮಹಾಧರ್ಮಾಧ್ಯಕ್ಷ ಡಿಯರ್ಮಿಡ್ ಮಾರ್ಟಿನ್ ತಮ್ಮ ಮತ ವಿರುದ್ಧವಾಗಿಯೇ ಬೀಳುವುದೆಂದು ಮುಂಚೆಯೇ ತಿಳಿಸಿದ್ದರು, ಆದರೆ ತಮ್ಮ ಧಾರ್ಮಿಕ ಅಭಿಪ್ರಾಯವನ್ನು ಇತರರ ಮೇಲೆ ಹೇರುವ ಇಚ್ಛೆ ತಮಗಿಲ್ಲವೆಂದೂ ಸೇರಿಸಿದ್ದರು. ಫಲಿತಾಂಶ ಬಂದ ಮೇಲೆ ಅವರು, ಧರ್ಮಸಭೆ ವಾಸ್ತವವನ್ನು ಕಣ್ಣುಬಿಟ್ಟು ನೋಡಿಕೊಳ್ಳಬೇಕಾಗಿದೆ ಎಂದರು. ಕೆಲವೇ ದಿನಗಳಲ್ಲಿ ವ್ಯಾಟಿಕನ್ನಿನ ಕಾರ್ಡಿನಲ್ ಪರೋಲಿನ್ ಅದೇ ಫಲಿತಾಂಶವನ್ನು ಮಾನವಕುಲದ ಸೋಲು ಎಂದು ಕರೆದರು. ಇವರಿಬ್ಬರ ನಡುವೆ ವಿವಾಹ ಕುರಿತ ಸಿದ್ಧಾಂತದಲ್ಲಿ ಭೇದವಿರಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ತನ್ನ ಮಾತನ್ನು ಕೇಳದೆ ಹೋದ ಜನರೊಡನೆ ಧಾರ್ಮಿಕ ನಾಯಕ ಮುಂದೆ ಹೇಗೆ ಮಾತಾಡಬೇಕು ಎಂಬಲ್ಲಿ ಅವರ ದಾರಿಗಳು ಬೇರೆಯಾದವು.

ಇನ್ನು ಪೋಪ್ ಫ್ರಾನ್ಸಿಸ್. ಬ್ಯೂನಸ್ ಐರಿಸ್‌ನ ಕಾರ್ಡಿನಲ್ ಆಗಿದ್ದಾಗ, 2010ರಲ್ಲಿ, ಅರ್ಜೆಂಟೀನಾದ ಮಸೂದೆಯ ಹಿಂದೆ ಸೈತಾನನ ಕೈವಾಡ ಕಂಡು ಕಾರ್ಮೆಲೈಟ್ ಕನ್ಯಾಸ್ತ್ರೀಯರಿಗೆ ಕಟುವಾದ ಪತ್ರ ಬರೆದವರು ಅವರೇ; 2020ರಲ್ಲಿ, ಇಂಥ ಜೋಡಿಗಳಿಗೆ ನಾಗರಿಕ ಒಕ್ಕೂಟದ, ಅಂದರೆ ಮದುವೆ ಎನಿಸಿಕೊಳ್ಳದ ಕಾನೂನುಬದ್ಧ ಸಂಬಂಧದ, ರಕ್ಷಣೆ ಇರಬೇಕೆಂದವರೂ ಅವರೇ. ಇದನ್ನು ಕೆಲವರು ತತ್ತ್ವಭ್ರಷ್ಟತೆ ಎಂದರು. ನನಗೆ ಹಾಗೆ ಕಾಣುವುದಿಲ್ಲ. ಸಂಸ್ಕಾರವಾಗಿ ವಿವಾಹ ಗಂಡು ಹೆಣ್ಣಿನದೆಂಬ ನಂಬಿಕೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಸರ್ಕಾರ ಏನು ಮಾಡಬಹುದು ಎಂಬ ಪ್ರಶ್ನೆಯನ್ನು ಮಾತ್ರ ಅದರಿಂದ ಬಿಡಿಸಿ ಇಟ್ಟರು.

2023ರ ಫೆಬ್ರವರಿಯಲ್ಲಿ ದಕ್ಷಿಣ ಸುಡಾನ್‌ನಿಂದ ಮರಳುವ ವಿಮಾನದಲ್ಲಿ ಅವರೊಡನೆ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಹಿರಿಯರಾದ ಅಂದಿನ ಕ್ಯಾಂಟರ್ಬರಿ ಮಹಾಧರ್ಮಾಧ್ಯಕ್ಷ ಜಸ್ಟಿನ್ ವೆಲ್ಬಿಯವರೂ ಸ್ಕಾಟ್ಲೆಂಡ್ ಸಭೆಯ ಮುಖ್ಯಸ್ಥರೂ ಇದ್ದರು. ಫ್ರಾನ್ಸಿಸ್ ಅವರ ಸಭೆ ಸಲಿಂಗ ವಿವಾಹವನ್ನು ಒಪ್ಪುವುದಿಲ್ಲ; ವೆಲ್ಬಿಯವರ ಸಭೆ ಅದೇ ವಿಷಯಕ್ಕೆ ಒಡೆಯುವ ಸ್ಥಿತಿಯಲ್ಲಿತ್ತು; ಸ್ಕಾಟ್ಲೆಂಡಿನ ಸಭೆ ಹಿಂದಿನ ವರ್ಷವೇ ಅದಕ್ಕೆ ಅವಕಾಶ ಕೊಟ್ಟಿತ್ತು. ಆದರೂ ಸಲಿಂಗಿಗಳನ್ನು ಅಪರಾಧಿಗಳೆನ್ನುವ ಕಾನೂನುಗಳನ್ನು ಮೂವರೂ ಪತ್ರಕರ್ತರೆದುರು ಖಂಡಿಸಿದರು. ಉಗಾಂಡಾದಲ್ಲಿ ಅದೇ ವರ್ಷ ಮರಣದಂಡನೆಯನ್ನೂ ಒಳಗೊಂಡ ಕಾನೂನು ಬಂದಾಗ ಅಲ್ಲಿನ ಆಂಗ್ಲಿಕನ್ ಮಹಾಧರ್ಮಾಧ್ಯಕ್ಷರು ಕಾನೂನನ್ನು ಸ್ವಾಗತಿಸಿದರು, ಮರಣದಂಡನೆಯನ್ನು ಮಾತ್ರ ಒಪ್ಪಲಿಲ್ಲ.

ಹಾಗಾದರೆ ಧರ್ಮಾಧ್ಯಕ್ಷರು ಕಾನೂನಿನ ಗೊಡವೆಗೆ ಹೋಗದೆ ಬಾಯಿ ಮುಚ್ಚಿಕೊಂಡಿರಬೇಕೆ? ಇಲ್ಲ. ಕಾವೇರಿ ಚಳವಳಿಯ ವೇದಿಕೆಯಲ್ಲಿ ಮಠಾಧೀಶರನ್ನು ನೋಡಿರುವ ಮಂಡ್ಯ, ಮೈಸೂರಿನ ನಮಗೆ ಧಾರ್ಮಿಕರ ಸಾರ್ವಜನಿಕ ಮಾತು ಹೊಸದೇನಲ್ಲ. ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟ 1950ರ ಆದೇಶದ ವಿರುದ್ಧ ಬಿಷಪರು ಮಾತಾಡಿದಾಗ ಚಪ್ಪಾಳೆ ತಟ್ಟಿದವರು, ವಿವಾಹದ ವಿಷಯ ಬಂದಾಗ ಮಾತ್ರ "ರಾಜಕೀಯ ನಿಮಗೇಕೆ" ಎನ್ನುವುದು ನ್ಯಾಯವಲ್ಲ. ವಿವಾಹ ಕೇವಲ ಮತಾಚಾರವಲ್ಲ, ಮಕ್ಕಳನ್ನೂ ಕುಟುಂಬವನ್ನೂ ಕುರಿತ ಸಾರ್ವಜನಿಕ ಹಿತ ಎಂಬ ಅವರ ವಾದವನ್ನು ವಾದವಾಗಿಯೇ ಎದುರಿಸಬೇಕು.

ನನ್ನ ತಕರಾರು ಬೇರೆ ಕಡೆ ಇದೆ. ಭಾರತದ ಕಥೋಲಿಕ ಧರ್ಮಸಭೆ ವಿಚ್ಛೇದನವನ್ನು ಮಾನ್ಯ ಮಾಡುವುದಿಲ್ಲ. ಆದರೂ ಕ್ರೈಸ್ತರಿಗೆ 1869ರಿಂದಲೂ ವಿಚ್ಛೇದನ ಕಾನೂನು ಇದೆ, ಅದನ್ನು ತೆಗೆದುಹಾಕಿ ಎಂದು ಇಂದು ಯಾವ ಧರ್ಮಾಧ್ಯಕ್ಷರೂ ಚಳವಳಿ ಹೂಡಿಲ್ಲ. ಧರ್ಮಸಭೆಯ ನ್ಯಾಯಪೀಠ ಕೊಟ್ಟ ವಿವಾಹ ರದ್ದತಿಗೆ ನಾಗರಿಕ ಕಾನೂನಿನಲ್ಲಿ ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು, 2017ರಲ್ಲಿ ಮತ್ತೆ ಅದೇ ನಿಲುವಿಗೆ ಅಂಟಿಕೊಂಡಿತು. ಅಂದರೆ ನಮ್ಮ ಸಭೆಗಳು ಬಹುಕಾಲದಿಂದ ಎರಡು ಲೆಕ್ಕಗಳನ್ನು ಬೇರೆಯಾಗಿಯೇ ಇಟ್ಟುಕೊಂಡು ಬದುಕಿವೆ. ಸಲಿಂಗ ವಿವಾಹದ ವಿಷಯದಲ್ಲಿ ಮಾತ್ರ ಅವೆರಡೂ ಒಂದೇ ಆಗಬೇಕೆಂಬ ಒತ್ತಾಯ ಏಕೆ?

ಇನ್ನೊಂದು ಮಾತು ಹೇಳಲು ಸ್ವಲ್ಪ ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ. 2011ರ ಜನಗಣತಿಯ ಪ್ರಕಾರ ನಾವು ಈ ದೇಶದ ಶೇಕಡಾ 2.3ರಷ್ಟು ಜನ. ಕರ್ನಾಟಕದಲ್ಲಿ ಮತಾಂತರ ನಿಷೇಧ ಮಸೂದೆ ಬಂದಾಗ ಬೆಂಗಳೂರಿನ ಮಹಾಧರ್ಮಾಧ್ಯಕ್ಷ ಪೀಟರ್ ಮಚಾದೊ ಮುಂಚೂಣಿಯಲ್ಲಿ ನಿಂತು ವಿರೋಧಿಸಿದರು. ಮನಸ್ಸಾಕ್ಷಿಯ ವಿಷಯದಲ್ಲಿ ಸರ್ಕಾರ ಬಹುಸಂಖ್ಯಾತರ ಭಾವನೆಯ ಬಲದಿಂದ ಕೈಹಾಕಬಾರದೆಂಬುದೇ ಆ ವಿರೋಧದ ತಿರುಳು, ಮತ್ತು ಅದು ಸರಿಯಾದ ವಿರೋಧ. 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸಲಿಂಗ ವಿವಾಹದ ಅರ್ಜಿಗಳು ವಿಚಾರಣೆಗೆ ಬಂದಾಗ, ಸಮಾಜದ ಬಹುಪಾಲು ಒಪ್ಪುವುದಿಲ್ಲ ಎಂಬ ವಾದದ ಬೆನ್ನಿಗೆ ಕೆಲವು ಕ್ರೈಸ್ತ ನಾಯಕರೂ ನಿಂತರು. ಒಂದು ಕಡೆ ತಾವು ನಿರಾಕರಿಸಿದ ತರ್ಕವನ್ನು ಇನ್ನೊಂದು ಕಡೆ ಹೇಗೆ ಎತ್ತಿಕೊಂಡರೆಂದು ಅವರು ವಿವರಿಸಿಲ್ಲ. ಮುಂಬೈನ ಕಾರ್ಡಿನಲ್ ಆಸ್ವಾಲ್ಡ್ ಗ್ರೇಶಿಯಸ್ 2013ರಲ್ಲೇ ಹೆಚ್ಚು ಎಚ್ಚರದಿಂದ ಮಾತಾಡಿದ್ದರು. ವಿವಾಹಕ್ಕೆ ತಮ್ಮ ವಿರೋಧವನ್ನು ಮುಚ್ಚಿಡದೆಯೇ, ಸಲಿಂಗಿಗಳನ್ನು ಧರ್ಮಸಭೆ ಎಂದೂ ಅಪರಾಧಿಗಳೆಂದು ಎಣಿಸಿಲ್ಲ ಎಂದಿದ್ದರು.

2023ರ ಅಕ್ಟೋಬರ್ 17ರಂದು ಸಾಂವಿಧಾನಿಕ ಪೀಠ ವಿವಾಹದ ಹಕ್ಕನ್ನು ಮಾನ್ಯ ಮಾಡಲಿಲ್ಲ. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ತಿರಸ್ಕೃತವಾದವು. ಆ ಮಟ್ಟಿಗೆ ವಿರೋಧಿಸಿದವರು ಗೆದ್ದಿದ್ದಾರೆ. ಈ ನಡುವೆ ಕೇಂದ್ರ ಸರ್ಕಾರವೇ 2024ರಲ್ಲಿ, ಇಂಥ ಸಂಗಾತಿಗಳನ್ನು ಪಡಿತರ ಚೀಟಿಗಾಗಿ ಒಂದೇ ಮನೆಯವರೆಂದು ಪರಿಗಣಿಸಲು, ಹತ್ತಿರದ ಬಂಧುಗಳು ಇಲ್ಲದಾಗ ಮೃತದೇಹವನ್ನು ಸಂಗಾತಿಗೆ ಒಪ್ಪಿಸಲು ರಾಜ್ಯಗಳಿಗೆ ಸೂಚಿಸಿದೆ. ಸಭೆಗಳು ನಡೆಸುವ ಆಸ್ಪತ್ರೆಗಳು ಮೈಸೂರಿನಲ್ಲೂ ಇವೆ. ಇಲ್ಲಿ ಧರ್ಮಾಧ್ಯಕ್ಷರು ಸಂಸತ್ತಿಗೆ ಬುದ್ಧಿ ಹೇಳಬೇಕಾಗಿಲ್ಲ, ಸಿದ್ಧಾಂತವನ್ನು ತಿದ್ದಬೇಕಾಗಿಯೂ ಇಲ್ಲ. ತಮ್ಮದೇ ಆಡಳಿತದಲ್ಲಿರುವ ವಾರ್ಡಿನ ಬಾಗಿಲಲ್ಲಿ ರೋಗಿಯ ಸಂಗಾತಿಯನ್ನು ಒಳಗೆ ಬಿಡಬೇಕೋ ಬೇಡವೋ ಎಂದು ಲಿಖಿತವಾಗಿ ತಿಳಿಸಬೇಕಾಗಿದೆ. ಪರ ವಿರೋಧದ ಹೇಳಿಕೆಗಳಿಗೆ ಸಹಿ ಸಂಗ್ರಹಿಸುವ ಮುನ್ನ ನಮ್ಮ ಧರ್ಮಪ್ರಾಂತ್ಯಗಳು ಆ ಸುತ್ತೋಲೆಯನ್ನು ಹೊರಡಿಸಲಿ ಎಂಬುದು ನನ್ನ ಬೇಡಿಕೆ.