ಇಳಿಯೋಕೂ ತರಬೇತಿ ಬೇಕಾ?

ಎಲ್ಲರಿಗೂ ನಮಸ್ಕಾರ. ಮಳೆ ಸ್ವಲ್ಪ ಬಿಟ್ಟಿರುವ ಭಾನುವಾರ ಮಡಿಕೇರಿಯಲ್ಲಿ ಇಷ್ಟು ಜನ ಬೆಚ್ಚಗಿನ ಮನೆ ಬಿಟ್ಟು ಬಂದು ಕೂತಿದ್ದೀರಿ. ಅದೇ ದೊಡ್ಡದು. ಹಳೆಯ ಶೂ ತನ್ನಿ ಅಂತ ಹೇಳಿದ್ದೆ. ತಂದವರು ಸದ್ಯಕ್ಕೆ ಚೀಲದ ಬಾಯಿ ಬಿಚ್ಚಬೇಡಿ, ಪಕ್ಕದಲ್ಲಿ ಕೂತವರ ಮೇಲೆ ಕರುಣೆ ಇರಲಿ. ಕೊನೆಯಲ್ಲಿ ಅದರ ಕೆಲಸ ಇದೆ.

ನಾನು ಕೋಚ್ ಅಲ್ಲ, ಡಾಕ್ಟರೂ ಅಲ್ಲ. ಸಣ್ಣದೊಂದು ಕಾಫಿ ತೋಟ ಇದೆ, ಹದಿನೈದು ವರ್ಷದಿಂದ ಓಡುತ್ತಿದ್ದೇನೆ. ವೇಗದ ಬಗ್ಗೆ ಮಾತ್ರ ಕೇಳಬೇಡಿ. ಪಿ.ಟಿ. ಉಷಾ ಅವರನ್ನೇ ಹಿಂದೆ ಹಾಕಿದ ಅಶ್ವಿನಿ ನಾಚಪ್ಪ ಅವರ ಜಿಲ್ಲೆ ನಮ್ಮದು ನಿಜ, ಆದರೆ ಆ ಗಾಳಿ ನನಗೆ ಸೋಕಲಿಲ್ಲ.

ಹೇಳಬೇಕಾದ್ದು ಒಂದೇ. ಕೊಡಗಿನಲ್ಲಿ ಓಡುವ ನಾವೆಲ್ಲ ಏರಿಗೆ ಹೆದರುತ್ತೇವೆ. ಆದರೆ ಕಾಲು ಕೆಡಿಸುವುದು ಇಳಿಜಾರು.

ಇದು ನನಗೆ ಗೊತ್ತಾದದ್ದು ಭಾಗಮಂಡಲದಲ್ಲಿ. ಮೊದಲ ಹಾಫ್ ಮ್ಯಾರಥಾನ್‌ಗೆ, ಅಂದರೆ 21.1 ಕಿಲೋಮೀಟರ್ ಓಟಕ್ಕೆ, ತಯಾರಿ ನಡೆದಿತ್ತು. ಭಾಗಮಂಡಲದಿಂದ ತಲಕಾವೇರಿಗೆ 8 ಕಿಲೋಮೀಟರ್. ಹೆಚ್ಚುಕಡಿಮೆ ಪೂರ್ತಿ ಏರು. ಉಸಿರು ಬಿಡುತ್ತಾ, ಅಲ್ಲಲ್ಲಿ ನಡೆಯುತ್ತಾ ಹೇಗೋ ಹತ್ತಿದೆ. ಕೈಕಾಲು ತೊಳೆದು, ಕಾವೇರಮ್ಮನಿಗೆ ಕೈಮುಗಿದು, ತಿರುಗಿ ಇಳಿಯುವಾಗ ಹಕ್ಕಿಯ ಹಾಗೆ ಹಾರಿಕೊಂಡು ಬಂದೆ. ಆಹಾ, ಎಂಥ ಓಟ! ಆ ಸಂಜೆ ಏನೂ ಇಲ್ಲ. ಮರುದಿನ ಬೆಳಿಗ್ಗೆ ಅಟ್ಟದ ಮೆಟ್ಟಿಲು ಇಳಿಯಲು ಆಗಲಿಲ್ಲ. ಚಿಕ್ಕ ಮಕ್ಕಳ ಹಾಗೆ ಹಿಂದುಹಿಂದಾಗಿ ಇಳಿದೆ. ಎರಡನೇ ದಿನ ಇನ್ನೂ ಜಾಸ್ತಿ. ಬೇಲಿ ಹಿಡಿದುಕೊಂಡು ತೋಟದಲ್ಲಿ ಹೋಗುತ್ತಿದ್ದಾಗ ಪಕ್ಕದ ತೋಟದ ರೈಟರ್, ಅಂದರೆ ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವವರು, ಸಿಕ್ಕರು.

“ಏನ್ ಸಾರ್, ಬಿದ್ರಾ?”

“ಇಲ್ಲ, ತಲಕಾವೇರಿಗೆ ಓಡಿದೆ.”

“ಹತ್ತಿದ್ದಕ್ಕೆ ನೋವಾ, ಇಳಿದದ್ದಕ್ಕಾ?”

ಇಷ್ಟು ಸರಿಯಾದ ಪ್ರಶ್ನೆಯನ್ನು ನನಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಇಳಿಯಲು ಸಹ ಅಭ್ಯಾಸ ಬೇಕಂತೆ ಅಂದಾಗ ಅವರು ನಕ್ಕರು. “ಇಳಿಯೋಕೂ ಟ್ರೈನಿಂಗ್ ಬೇಕಾ ಸಾರ್?” ಅವರಿಗೆ ಬೇಡ. ಗಮ್‌ಬೂಟ್ ಹಾಕಿಕೊಂಡು ದಿನಾ ಹತ್ತು ಸಲ ಆ ಇಳಿಜಾರು ಹತ್ತಿ ಇಳಿಯುವವರು. ಅವರಿಗೆ ಯಾಕೆ ನೋವಿಲ್ಲ ಅನ್ನುವುದರಲ್ಲೇ ನಮಗೆ ಬೇಕಾದ ಉತ್ತರ ಇದೆ.

ಬಾವಿಯಿಂದ ನೀರು ಸೇದುವುದನ್ನು ನೆನೆಸಿಕೊಳ್ಳಿ. ಕೊಡ ಮೇಲೆ ಎಳೆಯುವಾಗ ಹಗ್ಗ ನಮ್ಮ ಕೈಗೆ ಬರುತ್ತದೆ. ಏರು ಹತ್ತುವಾಗ ತೊಡೆಯ ಸ್ನಾಯು ಹೀಗೆ. ಎಳೆಯುತ್ತದೆ, ಎಳೆದಂತೆ ಗಿಡ್ಡವಾಗುತ್ತದೆ. ಈಗ ತುಂಬಿದ ಕೊಡವನ್ನು ನಿಧಾನವಾಗಿ ಕೆಳಗೆ ಬಿಡಿ. ಹಗ್ಗ ಹಿಡಿದೇ ಇದ್ದೀರಿ, ಅದು ಅಂಗೈ ಉಜ್ಜಿಕೊಂಡು ಜಾರುತ್ತಿದೆ. ಇಳಿಜಾರಿನಲ್ಲಿ ತೊಡೆ ಮಾಡುವ ಕೆಲಸ ಇದು. ಪ್ರತಿ ಹೆಜ್ಜೆಗೂ ಬ್ರೇಕ್ ಹಿಡಿಯುತ್ತದೆ, ಹಿಡಿದಿರುವಾಗಲೇ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಆಗ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಹರುಕು ಆಗುತ್ತದೆ. ನೋವು ತಕ್ಷಣ ಬರುವುದಿಲ್ಲ. 24ರಿಂದ 72 ಗಂಟೆಯ ಒಳಗೆ ಏರಿ, ತಾನಾಗಿಯೇ ಇಳಿಯುತ್ತದೆ. ಲ್ಯಾಕ್ಟಿಕ್ ಆ್ಯಸಿಡ್ ತುಂಬಿಕೊಂಡಿದೆ ಅಂತ ಜಿಮ್‌ನಲ್ಲಿ ಹೇಳುತ್ತಾರೆ ಅಲ್ವಾ, ಅದು ಓಟ ಮುಗಿದು ಒಂದು ಗಂಟೆಯ ಆಸುಪಾಸಿನಲ್ಲೇ ರಕ್ತದಿಂದ ಖಾಲಿಯಾಗಿರುತ್ತದೆ. ನಾಡಿದ್ದಿನ ನೋವನ್ನು ಅದರ ತಲೆಗೆ ಕಟ್ಟುವುದು ತಪ್ಪು.

ಒಳ್ಳೆಯ ಸುದ್ದಿಯೂ ಇದೆ. ಒಮ್ಮೆ ಹೀಗೆ ಪೆಟ್ಟು ತಿಂದ ಸ್ನಾಯು ಮುಂದಿನ ಸಲ ಅಷ್ಟು ನೋಯುವುದಿಲ್ಲ. ಆ ರಕ್ಷಣೆ ಕೆಲವು ವಾರ ಉಳಿಯುತ್ತದೆ. ಸ್ವಲ್ಪವೇ ಇಳಿದರೂ ಸಿಗುತ್ತದೆ, ನನ್ನ ಹಾಗೆ 8 ಕಿಲೋಮೀಟರ್ ಹಾರಬೇಕಾಗಿಲ್ಲ. ರೈಟರ್‌ಗೆ ದಿನಾ ಸಿಗುತ್ತಿರುವುದು ಇದೇ.

ಹಾಗಾಗಿ ಓಟಕ್ಕೆ ಮೂರು ತಿಂಗಳು ಇರುವಾಗಲೇ ಇಳಿಜಾರಿನ ಅಭ್ಯಾಸ ಶುರು ಮಾಡಿ. ವಾರಕ್ಕೆ ಒಂದೇ ದಿನ. ಮೊದಲ ವಾರ ಸಣ್ಣ ಇಳಿಜಾರಿನಲ್ಲಿ ಒಂದು ಕಿಲೋಮೀಟರ್, ಆರಾಮವಾಗಿ. ನೋವು ಪೂರ್ತಿ ಹೋಗುವ ತನಕ ಮತ್ತೆ ಜೋರಾಗಿ ಇಳಿಯಬೇಡಿ. ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ. ಕೊನೆಯ ದೊಡ್ಡ ಇಳಿತ ಓಟಕ್ಕೆ ಎರಡು ವಾರ ಮೊದಲೇ ಮುಗಿಯಲಿ. ಓಡುವಾಗ ಹಿಂದಕ್ಕೆ ವಾಲಿ ಹಿಮ್ಮಡಿ ಕುಕ್ಕಬೇಡಿ. ಹೆಜ್ಜೆ ಗಿಡ್ಡ, ಬೇಗ ಬೇಗ, ಪಾದ ಮೈಯ ಕೆಳಗೇ ಬೀಳಬೇಕು. ಸದ್ದು ಕೇಳಿಸಿಕೊಳ್ಳಿ. ದಪ್ ದಪ್ ಅಂತ ಕೇಳಿದರೆ ಬ್ರೇಕ್ ಜಾಸ್ತಿಯಾಗಿದೆ.

ಕಕ್ಕಡದಲ್ಲಿ, ಅಂದರೆ ನಮ್ಮ ಜೋರು ಮಳೆಯ ತಿಂಗಳಲ್ಲಿ, ಕೆಸರುಗದ್ದೆ ಓಟ ಓಡಿದ್ದೇನೆ, ಅದು ತರಬೇತಿ ಅಲ್ವಾ ಅಂತ ಹುಡುಗನೊಬ್ಬ ಕೇಳಿದ್ದ. ಮೀನಖಂಡಕ್ಕೆ ಭಾರಿ ಕೆಲಸ, ಬಿದ್ದರೆ ಪೆಟ್ಟು ಕಡಿಮೆ, ಖುಷಿಯಂತೂ ಜಾಸ್ತಿ. ಆದರೆ ಗದ್ದೆ ಸಮತಟ್ಟು ಮಾರಾಯಾ, ಅಲ್ಲಿ ಇಳಿಜಾರು ಎಲ್ಲಿಂದ ಬರಬೇಕು?

ಇನ್ನು ಯಾವ ನೋವಿಗೆ ಸುಮ್ನೆ ಇರಬಹುದು, ಯಾವುದಕ್ಕೆ ಇರಬಾರದು? ಎರಡೂ ತೊಡೆ ನೋಯುತ್ತಿದ್ದರೆ, ಅಗಲಕ್ಕೆ ನೋಯುತ್ತಿದ್ದರೆ, ನಡೆದಂತೆ ಸಡಿಲ ಆಗುತ್ತಿದ್ದರೆ ಅದು ನಾನು ಹೇಳಿದ ಮಾಮೂಲಿ ನೋವು. ನಡೆಯಿರಿ, ಊಟ ಸರಿಯಾಗಿ ಮಾಡಿ, ಚೆನ್ನಾಗಿ ನಿದ್ದೆ ಮಾಡಿ. ಎಣ್ಣೆ ಹಚ್ಚಿ ಬಿಸಿನೀರು ಹೊಯ್ದುಕೊಂಡರೆ ಹಿತ ಅನ್ನಿಸುತ್ತದೆ, ಹೊಯ್ದುಕೊಳ್ಳಿ. ಒಂದೇ ಕಾಲಿನಲ್ಲಿ, ಮೊಣಕಾಲ ಕೆಳಗಿನ ಎಲುಬಿನ ಮೇಲೆ ಒಂದು ಬೆರಳಿಟ್ಟು ‘ಇಲ್ಲೇ’ ಅಂತ ತೋರಿಸುವಂಥ ನೋವು, ಓಡಿದಷ್ಟೂ ಏರುವ ನೋವು, ರಾತ್ರಿ ಮಲಗಿದಾಗಲೂ ಬಿಡದ ನೋವು ಬೇರೆ. ಎಲುಬಿನಲ್ಲಿ ಕೂದಲಿನಷ್ಟು ಬಿರುಕು ಇರಬಹುದು. ಓಟ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಬೆಳಿಗ್ಗೆ ಹಾಸಿಗೆಯಿಂದ ಇಟ್ಟ ಮೊದಲ ಹೆಜ್ಜೆಗೇ ಹಿಮ್ಮಡಿಯ ಅಡಿಯಲ್ಲಿ ಮುಳ್ಳು ಚುಚ್ಚಿದ ಹಾಗೆ ಆದರೆ ಅದು ಅಂಗಾಲಿನ ಪಟ್ಟಿಯ ತೊಂದರೆ ಇರಬಹುದು. ಹಟ ಮಾಡಿ ಓಡಿದರೆ ತಿಂಗಳುಗಟ್ಟಲೆ ಕಾಡುತ್ತದೆ.

ಒಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಉದ್ದ ಓಟಕ್ಕೆ ಮೊದಲು ನೋವಿನ ಮಾತ್ರೆ ನುಂಗಬೇಡಿ. ಬೆವರಿ ನೀರು ಕಡಿಮೆಯಾದ ಮೈಯಲ್ಲಿ ಐಬುಪ್ರೊಫೆನ್‌ನಂಥ ಮಾತ್ರೆ ಮೂತ್ರಪಿಂಡಕ್ಕೆ ಹೊರೆ. ನಾನೂ ಒಮ್ಮೆ ನುಂಗಿದವನೇ. ನನ್ನ ಜೊತೆ ಓಡುತ್ತಿದ್ದವರು ಕೊಟ್ಟರು, ನಾನೂ ತಗೊಂಡೆ. ನೋವು ಗೊತ್ತಾಗಲಿಲ್ಲ, ಗೊತ್ತಾಗದೆ ಇನ್ನೂ ಐದು ಕಿಲೋಮೀಟರ್ ಓಡಿ ಮೀನಖಂಡ ಹಿಡಿಸಿಕೊಂಡೆ. ಮಾತ್ರೆ ಕೊಟ್ಟವರು ಈಗ ಇಲ್ಲೇ ಕೂತಿದ್ದಾರೆ, ನಗುತ್ತಿದ್ದಾರೆ.

ದಾರಿಯ ವಿಷಯ. ಗಾಡಿ ಎದುರಿಗೆ ಕಾಣುವಂತೆ ರಸ್ತೆಯ ಬಲಗಡೆ ಓಡಬೇಕು ಅನ್ನುವುದು ನಿಯಮ. ನಮ್ಮ ತಿರುವುಗಳಲ್ಲಿ ಅದೇ ನಿಯಮ ಕುತ್ತಿಗೆಗೆ ಬರುತ್ತದೆ. ಬಲಕ್ಕೆ ತಿರುಗುವ ಮೂಲೆಯಲ್ಲಿ ಬಲಗಡೆಯ ಬರೆಗೆ, ಅಂದರೆ ರಸ್ತೆ ಪಕ್ಕದ ಮಣ್ಣಿನ ಗೋಡೆಗೆ, ಅಂಟಿಕೊಂಡು ಓಡಿದರೆ ಎದುರಿನ ಜೀಪಿಗೆ ನೀವು ಕಾಣುವುದೇ ಇಲ್ಲ. ಅಂಥ ಕಡೆ ಮೊದಲೇ ನೋಡಿಕೊಂಡು ಎಡಕ್ಕೆ ದಾಟಿ, ತಿರುವು ಮುಗಿದ ಮೇಲೆ ವಾಪಸ್ ಬನ್ನಿ. ಸಂಪಾಜೆ ಘಾಟಿಯಲ್ಲಿ ಮಾತ್ರ ಯಾವ ಕಡೆಯೂ ಬೇಡ. ಲಾರಿ, ಬಸ್ಸು, ಮಂಜು, ಮೂರೂ ಒಟ್ಟಿಗೆ ಬರುತ್ತವೆ. ಡಾಂಬರು ರಸ್ತೆ ಅಂಚಿಗೆ ವಾಲಿರುತ್ತದೆ, ಒಂದೇ ಅಂಚಿನಲ್ಲಿ ದಿನಾ ಓಡಿದರೆ ಒಂದೇ ಕಾಲಿಗೆ ಭಾರ. ಗಾಡಿ ಇಲ್ಲದ ತೋಟದ ರಸ್ತೆಯಾದರೆ ನಡುವೆ ಓಡಿ.

ಆದರೆ ತೋಟದ ಕಾಂಕ್ರೀಟ್ ರಸ್ತೆಯಲ್ಲಿ ಮಳೆಗಾಲ ಮುಗಿದ ಮೇಲೂ ಪಾಚಿ ಇರುತ್ತದೆ. ಸಿಲ್ವರ್ ಓಕ್ ನೆರಳಲ್ಲಂತೂ ಇನ್ನೂ ಜಾಸ್ತಿ. ಅಲ್ಲಿ ನಡೆಯಿರಿ, ನಾಚಿಕೆ ಬೇಡ. ಸಿದ್ದಾಪುರ, ತಿತಿಮತಿ ಕಡೆಯವರಿಗೆ ಆನೆಯ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. ಬೆಳಕು ಹರಿಯುವ ಮೊದಲು ತೋಟದೊಳಗೆ ಓಟ ಬೇಡ, ಕಿವಿಯಲ್ಲಿ ಹಾಡಂತೂ ಬೇಡವೇ ಬೇಡ. ರಸ್ತೆಯಲ್ಲಿ ಹಸಿ ಲದ್ದಿ ಕಂಡರೆ ಅವತ್ತಿನ ತರಬೇತಿ ಅಲ್ಲಿಗೇ ಮುಗಿಯಿತು. ಜಿಗಣೆಗೆ ಉಪ್ಪೋ ಹೊಗೆಸೊಪ್ಪೋ, ನಿಮ್ಮ ನಿಮ್ಮ ಮನೆಯ ಪದ್ಧತಿ.

ಈಗ ಶೂ. ಓಟದ ಶೂ 500ರಿಂದ 800 ಕಿಲೋಮೀಟರ್ ಬರುತ್ತದೆ ಅನ್ನುವುದು ಸಾಮಾನ್ಯ ಲೆಕ್ಕ. ವಾರಕ್ಕೆ 40 ಕಿಲೋಮೀಟರ್ ಓಡಿದರೆ ಮೂರರಿಂದ ಐದು ತಿಂಗಳು. ದುಡ್ಡು ಎಣಿಸಿದರೆ ಎದೆ ಝಲ್ ಅನ್ನುತ್ತದೆ, ಗೊತ್ತು. ಅದಕ್ಕೇ ಲೆಕ್ಕ ಇಡಿ. ಶೂ ನಾಲಿಗೆಯ ಒಳಗೆ ಮೊದಲ ಓಟದ ತಾರೀಕು ಬರೆಯಿರಿ. ಅಟ್ಟೆ ಸವೆಯುವ ಮೊದಲೇ ನಡುವಿನ ಮೆತ್ತನೆ ಫೋಮ್ ಸತ್ತಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಹಿಮ್ಮಡಿಯ ಹೊರ ಅಂಚು ಸ್ವಲ್ಪ ಜಾಸ್ತಿ ಸವೆಯುವುದು ತುಂಬಾ ಜನರಿಗೆ ಮಾಮೂಲು. ಎರಡೂ ಹಿಮ್ಮಡಿಯ ಹಿಂಭಾಗ ಪೂರ್ತಿ ತಿಂದುಹೋಗಿದ್ದರೆ ಇಳಿಜಾರಿನಲ್ಲಿ ಕುಕ್ಕುತ್ತಿದ್ದೀರಿ ಅಂತ ನನಗೆ ಅನುಮಾನ ಬರುತ್ತದೆ.

ಕೊಳ್ಳುವಾಗ ಸಂಜೆ ಹೋಗಿ, ಅಷ್ಟರಲ್ಲಿ ಪಾದ ಸ್ವಲ್ಪ ಊದಿರುತ್ತದೆ. ಮುಂದೆ ಹೆಬ್ಬೆರಳಷ್ಟು ಅಗಲ ಜಾಗ ಇರಲಿ. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಉಗುರು ಕಪ್ಪಾಗುತ್ತದೆ. ಮೇಲಿನ ಕೊನೆಯ ತೂತಿಗೂ ಲೇಸ್ ಹಾಕಿ ಬಿಗಿದರೆ ಹಿಮ್ಮಡಿ ಅಲ್ಲೇ ನಿಲ್ಲುತ್ತದೆ. ನೆನೆದ ಶೂವನ್ನು ಒಲೆಯ ಪಕ್ಕ ಇಡಬೇಡಿ, ಅಂಟು ಬಿಡುತ್ತದೆ, ಫೋಮ್ ಗಟ್ಟಿಯಾಗುತ್ತದೆ. ಒಳಗಿನ ಅಟ್ಟೆ ತೆಗೆದು, ಹಳೆಯ ಪೇಪರ್ ತುರುಕಿ, ಗಾಳಿಯಾಡುವ ಕಡೆ ಇಡಿ. ಒಂದು ಗಂಟೆ ಬಿಟ್ಟು ಪೇಪರ್ ಬದಲಾಯಿಸಿ. ಈ ಮಳೆಯಲ್ಲಿ ಒಂದೇ ದಿನದಲ್ಲಿ ಒಣಗುವುದಿಲ್ಲ. ಎರಡು ಜೊತೆ ಇದ್ದರೆ ಅನುಕೂಲ.

ಸರಿ, ಈಗ ಚೀಲ ಬಿಚ್ಚಿ. ಕಿಟಕಿ ಮೊದಲು ತೆಗೆಯಿರಿ. ಶೂಗಳನ್ನು ಈ ಮೇಜಿನ ಮೇಲೆ ಹಿಮ್ಮಡಿ ನನ್ನ ಕಡೆ ಬರುವ ಹಾಗೆ ಸಾಲಾಗಿ ಇಡಿ. ಯಾವುದು ಒಳಕ್ಕೆ ವಾಲಿದೆ, ಯಾವುದು ಹೊರಕ್ಕೆ ವಾಲಿದೆ, ಒಂದೊಂದಾಗಿ ನೋಡೋಣ. ಆ ನೀಲಿ ಬಣ್ಣದ್ದು ಯಾರದು?